ಬೀಳು ಹೊಲಕ್ಕೆ ನಾನು ಹಾಕಿದ ಸಹಿ

ಹೋದ ಮಾಘ ಮಾಸದಲ್ಲಿ ಮೂಡಲಪಾಳ್ಯದ ಒಂದು ಕಲ್ಯಾಣ ಮಂಟಪದಲ್ಲಿ ಊಟದ ಎಲೆ ಬಿಟ್ಟು ಎದ್ದುಬಿಟ್ಟೆ. ಹೋಳಿಗೆ ಆಗಷ್ಟೇ ಬಡಿಸಿದ್ದರು, ತುಪ್ಪದವನು ಇನ್ನೂ ಎರಡು ಎಲೆ ಆಚೆಗಿದ್ದ. ಪಕ್ಕದಲ್ಲಿ ಕೂತಿದ್ದವರು ನನ್ನ ವಯಸ್ಸಿನವರೇ, ಬ್ಯಾಂಕಿನಿಂದ ನಿವೃತ್ತರಾದವರಂತೆ. ಮಾತಿಗೆ ಮಾತು ಬೆಳೆದು, ಈ ಕಡೆ ತಾವು ಸೈಟು ತೆಗೆದುಕೊಂಡ ಕಾಲದ ಕಥೆ ಶುರು ಮಾಡಿದರು.

“ಆಗ ಇಲ್ಲೇನಿತ್ತು ಸಾರ್, ಬರೀ ಖರಾಬು ಜಮೀನು. ನಾವು ಬಂದ್ಮೇಲೆ ತಾನೇ ಇದು ಊರು ಅಂತ ಆಗಿದ್ದು.”

ಖರಾಬು ಎಂದರೆ ಸರ್ಕಾರಿ ಭಾಷೆಯಲ್ಲಿ ಬೆಳೆಗೆ ಬಾರದ ನೆಲ. ಆ ಮಾತು ಕಿವಿಗೆ ಬಿದ್ದದ್ದೇ ತಡ ಮೈಯೆಲ್ಲ ಉರಿದುಹೋಯಿತು. ಎದ್ದು ಕೈ ತೊಳೆದುಕೊಂಡು ಹೊರಗೆ ಬಂದು ನಿಂತೆ. ಬೀಗರ ಕಡೆಯ ಮದುವೆ, ಪಂಕ್ತಿಯ ನಡುವೆ ಎದ್ದು ಮರ್ಯಾದೆ ಕಳೆದಿರಿ ಎಂದು ಮನೆಯವಳು ದಾರಿಯುದ್ದಕ್ಕೂ ಬೈದಳು. ಬೈಯಲಿ. ಆ ಬ್ಯಾಂಕಿನ ಮಹಾರಾಯರ ಮೇಲೆ ನನಗೇನೂ ಕೋಪವಿಲ್ಲ. ಯಾರೋ ಬರೆದಿಟ್ಟದ್ದನ್ನು ಅವರು ಹೇಳಿದರು ಅಷ್ಟೇ. ಬರೆದಿಟ್ಟವರಲ್ಲಿ ನಾನೂ ಒಬ್ಬ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಈ ಸಿಟ್ಟು ಐವತ್ತು ವರ್ಷದಿಂದ ನನ್ನೊಳಗೆ ಕೂತಿದೆ, ಬಿಪಿ ಮಾತ್ರೆಗೆಲ್ಲ ಅದು ಜಗ್ಗುವುದಿಲ್ಲ.

ಅದೇ ನೆಲದ ಮೇಲೆ ನಾನು ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಇಡೀ ಮಳೆಗಾಲ ಸೈಕಲ್ ತುಳಿದಿದ್ದೇನೆ. ಕನ್ನಡನಾಡು ಒಂದಾಗುವ ಮಾತು ಎಲ್ಲರ ಬಾಯಲ್ಲೂ ಇದ್ದ ವರ್ಷ ಅದು. ರಾಜಾಜಿನಗರ ಆಗ ಅರ್ಧ ನಗರ, ಅರ್ಧ ಗುಂಡಿ. ಒಂದು ಮನೆಗೆ ಸುಣ್ಣ ಬಳಿಯುತ್ತಿದ್ದರೆ ಪಕ್ಕದ ಸೈಟಿನಲ್ಲಿ ಎಮ್ಮೆ ಮಲಗಿರುತ್ತಿತ್ತು. ನಮ್ಮಪ್ಪ ಕಾರ್ಖಾನೆಯೊಂದರಲ್ಲಿ ಗುಮಾಸ್ತರು, ಅಲ್ಲೇ ಎರಡು ಕೋಣೆಯ ಮನೆ ಸಿಕ್ಕಿತ್ತು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಹೊಸ ಕಟ್ಟಡವೊಂದರ ಮಹಡಿಯನ್ನು ಬಾಡಿಗೆಗೆ ಹಿಡಿದು, ವಿಶ್ವವಿದ್ಯಾಲಯದವರು ಗ್ರಾಮ ಸಂಶೋಧನಾ ಕೇಂದ್ರ ಎಂದು ಹಲಗೆ ತೂಗುಹಾಕಿದ್ದರು. ನಗರ ಪಶ್ಚಿಮಕ್ಕೆ ಬೆಳೆಯುತ್ತಿದೆ, ಅದು ಹಳ್ಳಿಗಳನ್ನು ಮುಟ್ಟುವ ಮೊದಲು ಅಲ್ಲಿ ಯಾರಿದ್ದಾರೆ, ಏನು ಬೆಳೆಯುತ್ತಾರೆ ಎಂದು ಬರೆದಿಡುವುದು ಕೇಂದ್ರದ ಕೆಲಸ. ಎಂ.ಎ. ಓದುತ್ತಿದ್ದ ನಾವು ಹನ್ನೆರಡು ಜನ ಅದರ ಕೈಕಾಲು. ಆ ಕೇಂದ್ರ ಈಗಿಲ್ಲ, ಅದರ ಪೂರ್ತಿ ಹೆಸರು ಹೇಳುವ ಮನಸ್ಸು ನನಗೂ ಇಲ್ಲ.

ಡೈರೆಕ್ಟರು ವಿಲಾಯಿತಿಯಲ್ಲಿ ಓದಿ ಬಂದವರು. ಬಂದವರು ಸೂಟು ಬಿಟ್ಟು ಖಾದಿ ಜುಬ್ಬ ತೊಡುತ್ತಿದ್ದರು, ನಾವು ಅದಕ್ಕೇ ಅರ್ಧ ಮರುಳಾಗಿದ್ದೆವು. ಮೊದಲ ದಿನ ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ತಾವೂ ಚಾಪೆಯ ಮೇಲೆಯೇ ಕೂತು, “ಇದು ನಿಮ್ಮ ಕೇಂದ್ರ ಕಣ್ರಯ್ಯ. ನಡೆಸೋರು ನೀವು, ನಾನಿಲ್ಲಿ ಅತಿಥಿ” ಎಂದರು. ಬೇರೆ ಪ್ರೊಫೆಸರುಗಳ ಬಾಗಿಲಲ್ಲಿ ಒಂದು ಸಹಿಗಾಗಿ ಗಂಟೆಗಟ್ಟಲೆ ನಿಂತು ಕಾಲು ನೋಯಿಸಿಕೊಂಡಿದ್ದ ನಮಗೆ ಆ ಮಾತು ಅಮೃತವಾಯಿತು. ವಿದ್ಯಾರ್ಥಿ ಸಮಿತಿ ಅಂತ ಒಂದಾಯಿತು. ಚೀಟಿ ಹಾಕಿ ಮತ ಎಣಿಸಿದರು, ನಾನು ಸೆಕ್ರೆಟರಿಯಾದೆ. ಡೈರೆಕ್ಟರು ಎಲ್ಲರೆದುರು ಬೀರುವಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ನಮ್ಮಮ್ಮ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಿಗೆಲ್ಲ, ನನ್ನ ಮಗ ಸೆಕ್ರೆಟರಿ ಎಂದು ಹೇಳಿಕೊಂಡು ಬಂದಳು. ಅವರಲ್ಲಿ ಒಬ್ಬರು, ವಿಧಾನಸೌಧದಲ್ಲಾ ಎಂದು ಕೇಳಿದರಂತೆ, ಆ ಕಟ್ಟಡವೇ ಇನ್ನೂ ಮುಗಿದಿರಲಿಲ್ಲ.

ವಿದ್ಯಾರ್ಥಿ ನಾಯಕತ್ವ ಎಂಬ ಮಾತು ಕೇಳಿದರೆ ಈಗಲೂ ನಾನು ಮುಖ ಸಿಂಡರಿಸಿಕೊಳ್ಳುತ್ತೇನೆ. ದೊಡ್ಡವರು ಹುಡುಗನೊಬ್ಬನನ್ನು ನಾಯಕ ಮಾಡುವಾಗ, ಮುಂದೆ ಸಹಿ ಹಾಕಲು ಒಂದು ಕೈ ಗೊತ್ತುಮಾಡಿಕೊಳ್ಳುತ್ತಿರುತ್ತಾರೆ. ಆಗ ನನಗೆ ಇದನ್ನು ಯಾರು ಹೇಳಬೇಕಿತ್ತು?

ಜೂನ್ ತಿಂಗಳಲ್ಲಿ ಮೊದಲ ಸಲ ಮೂಡಲಪಾಳ್ಯಕ್ಕೆ ಹೋದಾಗ ನಮ್ಮ ಕೈಯಲ್ಲಿ ಇಂಗ್ಲಿಷಿನ ಅಚ್ಚಾದ ನಮೂನೆಗಳಿದ್ದವು. ಅದನ್ನು ಕನ್ನಡ ಮಾಡಿಕೊಂಡು, ತಮ್ಮ ಹಿಡುವಳಿಯ ವಿಸ್ತೀರ್ಣವೆಷ್ಟು ಎಂದು ನಾವು ಕೇಳಿದರೆ ಗಂಡಸರು ಮೆಲ್ಲಗೆ ಎದ್ದುಹೋದರು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಒಂದು ಮನೆಯಲ್ಲಿ ನಮ್ಮನ್ನು ದೇವಿ ಹಾಕುವವರೆಂದು, ಅಂದರೆ ಸಿಡುಬಿಗೆ ಚುಚ್ಚುವವರೆಂದು ತಿಳಿದು ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿದ್ದರು. ನಮ್ಮಲ್ಲಿ ಗಂಗಾಧರ ಅದೇ ಊರಿನವನು, ಆ ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು. ಅವನು ಅಷ್ಟು ಹೊತ್ತೂ ಸೈಕಲ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಹಿಂದಿರುಗುವಾಗ ಅತ್ತಿಗುಪ್ಪೆಯ ಹತ್ತಿರ ಮಳೆ ಹಿಡಿದು ಹುಣಸೆಮರದ ಕೆಳಗೆ ನಿಂತಾಗ, ಹೀಗೆ ಕೇಳಿದರೆ ಸಾಯುವವರೆಗೂ ಯಾರೂ ಬಾಯಿ ಬಿಡುವುದಿಲ್ಲ, ಅವರು ಹೇಗೆ ಮಾತಾಡುತ್ತಾರೋ ಹಾಗೇ ಕೇಳಿ ಹಾಗೇ ಬರೆದುಕೊಳ್ಳಬೇಕು ಎಂದ.

ಅದನ್ನು ನಾನು ಹಿಡಿದುಕೊಂಡೆ. ಮರುವಾರದ ಸಭೆಯಲ್ಲಿ ನಿರ್ಣಯ ಮಾಡಿಸಿದೆ: ಇನ್ನು ಮುಂದೆ ಹಳ್ಳಿಯವರ ಮಾತನ್ನು ಅವರ ಮಾತಿನಲ್ಲೇ ಬರೆಯತಕ್ಕದ್ದು. ಬರೆದಾದ ಮೇಲೆ ಅವರ ಮುಂದೆ ಓದಿ ಹೇಳತಕ್ಕದ್ದು, ಅವರು ಹೂಂ ಅಂದರೆ ಮಾತ್ರ ಮುಂದಿನ ಮನೆ. ಡೈರೆಕ್ಟರು ನಡಾವಳಿ ಪುಸ್ತಕದಲ್ಲಿ ಅದನ್ನು ಓದಿ, ಶಭಾಷ್ ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಊರಿನವರು ಆಡಿದ್ದನ್ನು ಇಂಗ್ಲಿಷಿಗೆ ತಿರುಗಿಸುವುದು ಕೇಂದ್ರದ ಕಚೇರಿಯ ಕೆಲಸವೆಂದು ಗೊತ್ತಾಯಿತು. ಅಲ್ಲಿಗೆ ನನ್ನ ಬುದ್ಧಿ ನಿಂತಿತು. ಯಾರು ತಿರುಗಿಸುತ್ತಾರೆ, ತಿರುಗಿಸಿದ್ದನ್ನು ಯಾರ ಮುಂದೆ ಓದುತ್ತಾರೆ ಎಂದು ನಾನು ಕೇಳಲಿಲ್ಲ.

ಆದರೂ ಆ ಮಳೆಗಾಲವನ್ನು ನಾನು ಬೈಯಲಾರೆ. ಮಾಗಡಿ ರಸ್ತೆ ದಾಟಿದರೆ ಕೆಂಪು ಕೆಸರು, ಸೈಕಲ್ಲನ್ನು ನಾವು ಹೊರುತ್ತಿದ್ದದ್ದೇ ಹೆಚ್ಚು. ಕೂರಿಗೆ ಹಿಡಿದು ರಾಗಿ ಬಿತ್ತುವವರ ಹಿಂದೆ ನಡೆಯುತ್ತ ನಾನು ಪಂಚೆ ಮೇಲೆತ್ತಿಕೊಂಡು ಬರೆದಿದ್ದೇನೆ. ರಾಗಿಯ ಸಾಲಿನ ನಡುವೆ ಹುಚ್ಚೆಳ್ಳು ಯಾಕೆ, ಅವರೆ ಯಾಕೆ, ಮೋಡ ಯಾವ ಕಡೆ ಕಟ್ಟಿದರೆ ಮಳೆ, ಎಲ್ಲವನ್ನೂ ಕೇಳಿ ಕಲಿತೆ. ಪುಸ್ತಕದಲ್ಲಿ ನಾಲ್ಕು ವರ್ಷ ಓದಿದ ಅರ್ಥಶಾಸ್ತ್ರ ಆ ನಾಲ್ಕು ತಿಂಗಳಲ್ಲಿ ಅರ್ಥವಾಯಿತು. ಊಟದ ಹೊತ್ತಿಗೆ ಯಾವ ಮನೆಯಲ್ಲಿದ್ದರೆ ಆ ಮನೆಯಲ್ಲಿ ಮುದ್ದೆ. ಬ್ರಾಹ್ಮಣರ ಹುಡುಗರಿಬ್ಬರು ಮೊದಮೊದಲು ಚೀಲದಿಂದ ಅವಲಕ್ಕಿ ತೆಗೆಯುತ್ತಿದ್ದರು, ಆಗಸ್ಟ್ ಹೊತ್ತಿಗೆ ಅವರೇ ಎರಡನೇ ಮುದ್ದೆ ಕೇಳುತ್ತಿದ್ದರು.

ಗಂಗಾಧರನ ದೊಡ್ಡವ್ವ ಹೊನ್ನಮ್ಮನವರ ಮನೆಗೆ ನಾನೇ ಹೋದೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಗಂಗಾಧರನನ್ನು ಓದಿಸುತ್ತಿದ್ದವರು ಅವರೇ. ಅವರ ಹೊಲ ಇನಾಮಿನ ಜಮೀನು. ಮೂರು ತಲೆಮಾರಿನಿಂದ ಉಳುತ್ತಿದ್ದವರು ಅವರ ಮನೆಯವರು, ಕಾಗದದಲ್ಲಿದ್ದದ್ದು ಯಾವುದೋ ಕಾಣದ ಇನಾಮುದಾರನ ಹೆಸರು. ಇನಾಮು ರದ್ದಾಗಿ, ಉಳುವವರ ಹೆಸರಿಗೆ ಜಮೀನು ಬರೆದುಕೊಡುವ ಕೆಲಸ ಆಗಷ್ಟೇ ಶುರುವಾಗಿತ್ತು. ಹೊನ್ನಮ್ಮನವರೂ ಅರ್ಜಿ ಹಾಕಿದ್ದರು. ಉಳುತ್ತಿದ್ದೇವೆ ಎಂಬುದಕ್ಕೆ ಪುರಾವೆ ಕೊಡಿ ಎಂದು ಕಚೇರಿಯವರು ಕೇಳಿದ್ದರು. ಉಳುವುದಕ್ಕೆ ಪುರಾವೆ ಎಂದರೆ ಎಲ್ಲಿಂದ ತರುವುದು? ನಮ್ಮ ವರದಿ ಸರ್ಕಾರಕ್ಕೆ ಹೋಗುತ್ತದೆ, ವಿಶ್ವವಿದ್ಯಾಲಯದವರು ಬರೆದದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ ಎಂದು ಗಂಗಾಧರ ಊರಿಗೆಲ್ಲ ಹೇಳಿದ್ದ. ಅದನ್ನು ನಂಬಿಯೇ ಊರು ನಮ್ಮ ಮುಂದೆ ಬಾಯಿ ಬಿಟ್ಟಿತ್ತು. ನಾನೂ ಹೌದು ಎಂದಿದ್ದೆ.

ಹೊನ್ನಮ್ಮನವರ ದೊಡ್ಡ ಹೊಲ ಆ ವರ್ಷ ಖಾಲಿ ಇತ್ತು. ಯಾಕೆ ಎಂದು ಕೇಳಿದೆ.

“ಎರಡು ವರ್ಷ ಬೆಳೆ ಕೊಟ್ಟೈತೆ ಕಣಪ್ಪ, ಈ ವರ್ಷ ಬೀಳು ಬಿಟ್ಟಿವ್ನಿ. ಹೊಲಕ್ಕೂ ಬಾಣಂತನ ಬ್ಯಾಡ್ವಾ?”

ಬೀಳು ಬಿಟ್ಟ ಹೊಲದಲ್ಲಿ ಅವರು ಕುರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಸುತ್ತಿದ್ದರು, ಮುಂದಿನ ಮುಂಗಾರಿಗೆ ಅದು ಊರಿಗೇ ಒಳ್ಳೆಯ ಹೊಲವಾಗುತ್ತಿತ್ತು. ಮೂರು ವರ್ಷಕ್ಕೊಮ್ಮೆ ಹಾಗೆ ಬಿಡುವುದು ಅಲ್ಲಿಯ ಪದ್ಧತಿ. ನಾನು ದೊಡ್ಡ ಹೊಲ, ಬೀಳು ಎಂದು ಬರೆದು ಓದಿ ಹೇಳಿದೆ. ಹೊನ್ನಮ್ಮನವರು ಹೂಂ ಅಂದರು. ಅವರ ಮಾತಿನಲ್ಲೇ ಬರೆದೆನೆಂದು ನನಗೆ ಹೆಮ್ಮೆ.

ಡಿಸೆಂಬರಿನಲ್ಲಿ ಡೈರೆಕ್ಟರು ನನ್ನನ್ನು ಕೋಣೆಗೆ ಕರೆದರು. ವರದಿ ಇಂಗ್ಲಿಷಿನಲ್ಲಿ ಟೈಪಾಗಿ ಬಂದಿತ್ತು, ಕೇಂದ್ರದ ಸ್ಟೆನ್ಸಿಲ್ ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೊದಲ ಪುಟದಲ್ಲಿ, ಈ ವರದಿ ವಿದ್ಯಾರ್ಥಿಗಳ ಸ್ವಂತ ನಾಯಕತ್ವದಲ್ಲಿ ತಯಾರಾದದ್ದು, ಪ್ರತಿಯೊಂದು ವಿವರವನ್ನೂ ಗ್ರಾಮಸ್ಥರ ಮುಂದೆ ಓದಿ ಖಚಿತಪಡಿಸಿಕೊಳ್ಳಲಾಗಿದೆ ಎಂದಿತ್ತು. ಅದರ ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಖುಷಿಯಿಂದ ಪುಟ ತಿರುವಿದೆ. ಮೂಡಲಪಾಳ್ಯದ ಪಟ್ಟಿಯಲ್ಲಿ ಎರಡೇ ಕಲಂ ಇದ್ದವು, ಸಾಗುವಳಿ ಮತ್ತು ವೇಸ್ಟ್. ಊರಿನವರು ಬೀಳು ಎಂದದ್ದೆಲ್ಲ ವೇಸ್ಟ್ ಕಲಮಿಗೆ ಹೋಗಿತ್ತು. ಹೊನ್ನಮ್ಮನವರ ದೊಡ್ಡ ಹೊಲವೂ ಅಲ್ಲೇ ಇತ್ತು. ವೇಸ್ಟ್ ಎಂದರೆ ಕಚೇರಿಯ ಕನ್ನಡದಲ್ಲಿ ಖರಾಬು, ಖರಾಬು ಎಂದರೆ ಉಳುವವರಿಲ್ಲದ ನೆಲ.

ಇದು ತಪ್ಪು ಸಾರ್, ಇದನ್ನು ಕಳಿಸಿದರೆ ಅವರ ಅರ್ಜಿಗಳೆಲ್ಲ ಬಿದ್ದುಹೋಗುತ್ತವೆ ಎಂದೆ. ಡೈರೆಕ್ಟರು ಕನ್ನಡಕ ತೆಗೆದು ನಕ್ಕರು.

“ಬೀಳು ಅಂದ್ರೆ ಬಿದ್ದಿರೋದು ತಾನೇ? ಬಿದ್ದಿರೋ ಭೂಮಿ ವೇಸ್ಟ್ ಅಲ್ದೆ ಇನ್ನೇನಯ್ಯ?”

ಕನ್ನಡ ಬಾರದ ಪರಂಗಿಯವನು ಈ ಮಾತು ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆ. ಇವರು ಮನೆಯಲ್ಲಿ ಕನ್ನಡ ಆಡುತ್ತಿದ್ದವರು. ಬೀಳು ಎಂದರೇನೆಂದು ಬಿಡಿಸಿ ಹೇಳಿದೆ, ಕುರಿ ಮಂದೆಯ ವಿಷಯ ಹೇಳಿದೆ. ಕೇಳಿಕೊಂಡರು. ಆಮೇಲೆ ನಿಜ ಹೊರಗೆ ಬಂತು. ವರದಿಯನ್ನು ಕೇಳಿದ್ದವರು ಹೊಸ ಬಡಾವಣೆ ಮಾಡುವ ಕಚೇರಿಯವರು. ಅವರು ಕೊಟ್ಟ ಪಟ್ಟಿಯಲ್ಲಿ ಎರಡೇ ಕಲಂ, ಮೂರನೆಯದು ಅವರಿಗೆ ಬೇಕಿರಲಿಲ್ಲ. ಕೇಂದ್ರದ ಸ್ವಂತ ಕಟ್ಟಡಕ್ಕೆ ಜಾಗ ಕೊಡಬೇಕಾದವರೂ ಅವರೇ. ಇಷ್ಟು ಹೇಳಿ, ಬೇಜಾರು ಮಾಡಿಕೊಳ್ಳಬೇಡ, ಬೀಳು ಎಂದರೇನು ಎಂದು ಅಡಿಟಿಪ್ಪಣಿ ಹಾಕಿಸುತ್ತೇನೆ, ನನ್ನ ಮಾತು ಎಂದರು. ಹಾಗೆನ್ನುತ್ತಲೇ ಮೇಜಿನ ಮೇಲಿದ್ದ ಇನ್ನೊಂದು ಕಾಗದವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ದೆಹಲಿಯಲ್ಲಿ ಸಂಶೋಧನೆಗೆ ನನ್ನ ಹೆಸರನ್ನು ಶಿಫಾರಸು ಮಾಡಿದ ಪತ್ರ ಅದು. ಅದರ ಮೇಲೆ ಅವರ ಸಹಿ ಆಗಲೇ ಬಿದ್ದಿತ್ತು, ವರದಿಯ ಮೇಲೆ ನನ್ನದು ಬೀಳಬೇಕಿತ್ತು.

ಹಾಕಿದೆ. ಅಡಿಟಿಪ್ಪಣಿ ಬರುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತೊಂದು ವರ್ಷದ ಹುಡುಗ, ದೊಡ್ಡವರ ಮಾತು ನಂಬಿದ ಎಂದು ನನ್ನ ಮಕ್ಕಳು ಸಮಾಧಾನ ಹೇಳುತ್ತಾರೆ. ನಂಬಿರಲಿಲ್ಲ. ನಂಬಿದ ಹಾಗೆ ಇರುವುದು ಅನುಕೂಲವಾಗಿತ್ತು.

ಮೆಟ್ಟಿಲಿಳಿದು ಬಂದು ಗಂಗಾಧರನಿಗೆ ಹೇಳಿದೆ. ಅವನು ಕೂಗಾಡಲಿಲ್ಲ, ಸಮಿತಿ ಕರಿ ಎಂದ. ಎಲ್ಲರೂ ಚಾಪೆಯ ಮೇಲೆ ಕೂತಾಗ, ಸೆಕ್ರೆಟರಿ ಸಹಿ ವಾಪಸ್ ತೆಗೆದುಕೊಳ್ಳಲಿ ಎಂದು ಗಂಗಾಧರ ಎದ್ದು ನಿಂತು ಹೇಳಿದ. ನಾನು ಅಡಿಟಿಪ್ಪಣಿಯ ಭರವಸೆಯನ್ನು ವಿವರಿಸಿದೆ. ಡೈರೆಕ್ಟರಂಥವರನ್ನು ಎದುರು ಹಾಕಿಕೊಂಡರೆ ಕೇಂದ್ರವೇ ಮುಚ್ಚಿಹೋಗುತ್ತದೆ, ಮುಂದಿನ ಹಳ್ಳಿಗಳ ಕೆಲಸವೂ ಹಾಳಾಗುತ್ತದೆ ಎಂದೆ. ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ ನೆನೆದರೆ ನಾಚಿಕೆಯಾಗುತ್ತದೆ. ಗಂಗಾಧರ ಕೊನೆಯವರೆಗೂ ಕೇಳಿದ.

“ನೀನು ಕನ್ನಡದಲ್ಲಿ ಓದಿ ನಮ್ಮ ದೊಡ್ಡವ್ವನ ಹತ್ರ ಹೂಂ ಅನ್ನಿಸ್ಕೊಂಡೆ. ಇಂಗ್ಲಿಷಲ್ಲಿ ಯಾರ ಹತ್ರ ಹೂಂ ಅನ್ನಿಸ್ಕೊಂಡ್ರೋ?”

ಮತಕ್ಕೆ ಹಾಕಿದಾಗ ಅವನ ಕೈ ಒಂದೇ ಮೇಲಿತ್ತು. ಎರಡನೇ ಮುದ್ದೆ ಕೇಳಿ ಉಂಡಿದ್ದವರ ಕೈಗಳೆಲ್ಲ ಮಡಿಲಲ್ಲಿದ್ದವು.

ಮರುದಿನ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ನಾವು ಕನ್ನಡದಲ್ಲಿ ಬರೆದ ಮೂಲ ಹಾಳೆಗಳು ಬೀರುವಿನಲ್ಲಿವೆ, ಕೊಡು, ನಾನೇ ಇನಾಮು ಕಚೇರಿಗೆ ಹೋಗಿ ತೋರಿಸುತ್ತೇನೆ ಎಂದ. ನನ್ನೊಳಗೆ ಮರ್ಯಾದೆ ಅಂತ ಉಳಿದಿದ್ದದ್ದು ಇಷ್ಟೇ, ಬೀಗದ ಕೈ ತೆಗೆದು ಅವನ ಕೈಗಿಟ್ಟೆ. ಅವನ ಜೊತೆ ಹೋಗಲಿಲ್ಲ. ಹೋಗಿದ್ದರೆ, ಸಹಿ ಹಾಕಿದವನೇ ಬಂದು ತಪ್ಪಾಗಿದೆ ಎಂದಿದ್ದರೆ, ಕಚೇರಿಯವರು ಆ ಹಾಳೆಗಳನ್ನು ನೋಡುತ್ತಿದ್ದರೇನೋ. ಒಬ್ಬನೇ ಹೋದವನಿಗೆ ಗುಮಾಸ್ತ, ಪೆನ್ಸಿಲಿನಲ್ಲಿ ಗೀಚಿದ ಹಾಳೆಗಳೆಲ್ಲ ದಾಖಲೆಯಲ್ಲ, ಬಡಾವಣೆ ಕಚೇರಿಯವರು ಕಳಿಸಿದ ಸಹಿಯಾದ ವರದಿ ನಮ್ಮ ಹತ್ತಿರ ಇದೆ ಎಂದು ಹೇಳಿ ಕಳಿಸಿದ. ಸಾಲದ್ದಕ್ಕೆ ಈ ಹುಡುಗ ಯಾರು ಎಂದು ಕೇಂದ್ರಕ್ಕೆ ಕಾಗದ ಬರೆದ.

ಡೈರೆಕ್ಟರು ಆ ಕಾಗದ ಹಿಡಿದು ನನ್ನನ್ನು ಮತ್ತೆ ಕರೆದರು. ಈ ಸಲ ಕೂರಲು ಹೇಳಲಿಲ್ಲ.

“ನೀನು ಬೀಗದ ಕೈ ಕೊಟ್ಟೆ ಅಂದ್ರೆ ಇಬ್ಬರೂ ಹೋಗ್ತೀರಿ. ಅವನೇ ತಗೊಂಡ ಅಂದ್ರೆ ಒಬ್ಬನೇ ಹೋಗ್ತಾನೆ. ನೀನು ನಾಯಕ ಅಲ್ವೇನಯ್ಯ, ತೀರ್ಮಾನ ನೀನೇ ಮಾಡು.”

ಹಾಳೆಗಳನ್ನು ನನಗೆ ತಿಳಿಯದಂತೆ ತೆಗೆದುಕೊಂಡು ಹೋಗಲಾಗಿದೆ ಎಂದು ಬರೆದುಕೊಟ್ಟೆ. ಒಂದೇ ಸಾಲು, ಶುದ್ಧವಾದ ಕನ್ನಡ. ಸಂಕ್ರಾಂತಿಯ ಹಿಂದಿನ ದಿನ ಗಂಗಾಧರನ ಹೆಸರನ್ನು ವಿಶ್ವವಿದ್ಯಾಲಯ ತೆಗೆದುಹಾಕಿತು. ಬೀಗದ ಕೈ ನಾನೇ ಕೊಟ್ಟದ್ದೆಂದು ಅವನು ಎಲ್ಲೂ ಹೇಳಲಿಲ್ಲ. ಹೇಳಿಬಿಡಬಾರದಿತ್ತೇ ಎಂದು ಅವನ ಮೇಲೂ ನಾನು ಸಿಟ್ಟು ಮಾಡಿಕೊಂಡಿದ್ದೇನೆ. ಇಷ್ಟು ವರ್ಷದಲ್ಲಿ ಅದನ್ನು ಬರೆದು ಹೇಳುತ್ತಿರುವುದು ಇದೇ ಮೊದಲು.

ಬೇಸಿಗೆಯಲ್ಲಿ ವರದಿ ಅಚ್ಚಾಗಿ ಬಂತು. ಅಡಿಟಿಪ್ಪಣಿಯನ್ನು ಹುಡುಕಿದೆ. ಮೂಡಲಪಾಳ್ಯದ ಪುಟದಲ್ಲಿ ಇರಲಿಲ್ಲ. ಕಟ್ಟಕಡೆಯ ಪುಟದ ತಳದಲ್ಲಿ, ಕಣ್ಣಿಗೆ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಅನುಕೂಲಕ್ಕಾಗಿ ಕೆಲವು ಸ್ಥಳೀಯ ಪದಗಳನ್ನು ಸರಳಗೊಳಿಸಲಾಗಿದೆ ಎಂದಿತ್ತು. ಆ ಪುಸ್ತಕವನ್ನು ಗೋಡೆಗೆ ಎಸೆದೆ. ಎಸೆಯಲು ನನಗೆ ಯಾವ ಹಕ್ಕಿತ್ತು? ಮೊದಲ ಪುಟದಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಮ್ಮಪ್ಪ ಅದನ್ನು ಎತ್ತಿ ಒರೆಸಿ ದೇವರ ಗೂಡಿನಲ್ಲಿಟ್ಟರು.

ಮುಂಗಾರು ಮತ್ತೆ ಬಂತು. ದೆಹಲಿಗೆ ಹೊರಡುವುದಕ್ಕೆ ವಾರವಿರುವಾಗ ನಾನು ಮೂಡಲಪಾಳ್ಯಕ್ಕೆ ಹೋದೆ. ಕ್ಷಮೆ ಕೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೊನ್ನಮ್ಮನವರ ದೊಡ್ಡ ಹೊಲದಲ್ಲಿ ರಾಗಿ ಮೊಣಕಾಲೆತ್ತರ ಬಂದಿತ್ತು, ಸುತ್ತಮುತ್ತ ಅಂಥ ಪೈರು ಎಲ್ಲೂ ಇರಲಿಲ್ಲ. ಗಂಗಾಧರ ಸಾಲಿನ ನಡುವೆ ಕುಂಟೆ ಹೊಡೆಯುತ್ತಿದ್ದ. ನನ್ನನ್ನು ನೋಡಿದ, ಎತ್ತು ನಿಲ್ಲಿಸಲಿಲ್ಲ. ಬದುವಿನ ಮೇಲೆ ಕೂತಿದ್ದ ಹೊನ್ನಮ್ಮನವರು ಮಾತ್ರ, ಬಾಪ್ಪ, ಬಡವಾಗಿದ್ದೀಯ, ಊಟ ಸರಿಯಾಗಿ ಮಾಡ್ತೀಯೋ ಇಲ್ವೋ ಎಂದು ವಿಚಾರಿಸಿದರು. ಆಮೇಲೆ ಸೊಂಟದಿಂದ ಮಡಚಿದ ಕಾಗದವೊಂದನ್ನು ತೆಗೆದರು. ಶಾನುಭೋಗರು ಹಿಂದಿನ ದಿನ ಕೊಟ್ಟುಹೋಗಿದ್ದರಂತೆ. ಗಂಗಾಧರನಿಗೆ ಕೊಟ್ಟರೆ ಕಣ್ಣಾಡಿಸಿ ವಾಪಸ್ ಕೊಟ್ಟನಂತೆ, ಏನಿದೆ ಎಂದು ಬಾಯಿ ಬಿಡುವುದಿಲ್ಲವಂತೆ. ನೀನು ಓದಪ್ಪ ಎಂದು ನನ್ನ ಕೈಗೆ ಕೊಟ್ಟರು.

ವಿಶ್ವವಿದ್ಯಾಲಯದ ವರದಿಯ ಪ್ರಕಾರ ಸದರಿ ಜಮೀನು ಖರಾಬಾಗಿದ್ದು ಅರ್ಜಿಯನ್ನು ವಜಾ ಮಾಡಲಾಗಿದೆ, ಸದರಿ ಜಮೀನಿನಲ್ಲಿ ಹೊನ್ನಮ್ಮ ಎಂಬ ಒತ್ತುವರಿದಾರಳು ಅಕ್ರಮವಾಗಿ ಬೆಳೆ ಇಟ್ಟಿದ್ದು ಕೂಡಲೇ ತೆರವು ಮಾಡತಕ್ಕದ್ದು. ನಾನು ಒಂದಕ್ಷರ ಬಿಡದೆ ಓದಿದೆ. ಕುಂಟೆಯ ಸದ್ದು ನಿಂತಿತ್ತು.

“ಒತ್ತುವರಿ ಅಂದ್ರೆ?” ಎಂದು ಹೊನ್ನಮ್ಮನವರು ಕೇಳಿದರು.

“ಬೇರೆಯವರ ಹೊಲಕ್ಕೆ ನುಗ್ಗಿ ಬೆಳೆ ಇಟ್ಟೋರು ಅಂತ, ದೊಡ್ಡವ್ವ” ಎಂದೆ.

ಹೊನ್ನಮ್ಮನವರು ಪೈರಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ.

“ಯಾರ್ದಪ್ಪ ಹೊಲ?”

ಕೆಣಕಬೇಕೆಂದು ಕೇಳಿದ್ದಲ್ಲ ಅದು. ಓದಿದವನಿಗೆ ಗೊತ್ತಿರುತ್ತದೆ ಎಂದು ಕೇಳಿದ್ದು. ಗಂಗಾಧರ ಎತ್ತಿನ ಹಗ್ಗ ಹಿಡಿದುಕೊಂಡು ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದ. ನಾನು ಕಾಗದವನ್ನು ಮಡಚಿ ಅವರ ಕೈಗೆ ಕೊಟ್ಟು, ಸರ್ಕಾರದ್ದು ಎಂದೆ.